ಕರೆಯಲಾಗದ ಹೆಸರು

"ಇನ್ನೊಂದ್ಸಲ ಆ ಮಾತು ಎತ್ಬ್ಯಾಡ," ಎಂದ ಬಸವಲಿಂಗಯ್ಯ, ತೊಲೆಗೆ ತೊಟ್ಟಿಲ ಹಗ್ಗ ಬಿಗಿಯುತ್ತಾ. "ಅಪ್ಪನ ಹೆಸ್ರೇ ಇಡಾದು. ಅವ್ವ ಆಗ್ಲೇ ಊರಿಗೆಲ್ಲ ಹೇಳ್ಕಂಡು ಬಂದೈತೆ. ಅಯ್ನೋರು ಬರೋ ಹೊತ್ತಾತು, ಹೋಗಿ ಸೀರೆ ಉಟ್ಕ."

ಚನ್ನಮಲ್ಲಮ್ಮ ಗಂಡನಿಗೆ ಬೆನ್ನು ಮಾಡಿ ಕೂತಳು. ಮೊರದಲ್ಲಿದ್ದ ಅಕ್ಕಿಯಲ್ಲಿ ಕಲ್ಲಿಲ್ಲವೆಂದು ಗೊತ್ತಿದ್ದೂ ಮತ್ತೆ ಆರಿಸತೊಡಗಿದಳು. ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಲೆಯ ಮುಂದೆ ಹೋಗಿ ಪಾಯಸ ಕಲಕಿ ಬರುವಳು; ಹಿತ್ತಲಿಗೆ ಹೋಗಿ, ಯಾಕೆ ಬಂದೆನೆಂದು ಮರೆತು ವಾಪಸಾಗುವಳು; ಮಲಗಿದ್ದ ಮೂರು ತಿಂಗಳ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು. ಕೂಸು ಚೆನ್ನಾಗಿಯೇ ಉಸಿರಾಡುತ್ತಿತ್ತು.

ಮಾವನ ಹೆಸರು ರುದ್ರಯ್ಯ. ಅವಳು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದ. ಹೋದವರ ಹೆಸರನ್ನು ಮೊಮ್ಮಗನಿಗೆ ಇಡುವುದು ಎಲ್ಲ ಮನೆಗಳಲ್ಲೂ ಇರುವುದೇ. ಆದರೆ ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಹೆಂಗಸು ಬಾಯಲ್ಲಿ ಆಡಬಾರದು, ಆಡಿದರೆ ಅವರ ಆಯುಸ್ಸು ಕಡಿಮೆಯಾಗುತ್ತದಂತೆ. ಸತ್ತವನಿಗೆ ಇನ್ನು ಯಾವ ಆಯುಸ್ಸು ಕಡಿಮೆಯಾಗಬೇಕೋ, ಅದನ್ನು ಕೇಳಿದವರಿಲ್ಲ. ಅತ್ತೆ ಸಿದ್ದಗಂಗಮ್ಮನಂತೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ರುದ್ರಾಕ್ಷಿಗೆ ಅವಳು 'ಜಪದ ಮಣಿ' ಎನ್ನುತ್ತಿದ್ದಳು. ಖಾನೇಷುಮಾರಿಗೆಂದು ಜನರ ಲೆಕ್ಕ ಬರೆದುಕೊಳ್ಳಲು ಬಂದ ಶ್ಯಾನುಭೋಗರು ಗಂಡನ ಹೆಸರು ಕೇಳಿದಾಗ, ಅವರನ್ನು ಬಿಸಿಲಲ್ಲಿ ನಿಲ್ಲಿಸಿ, ಪಕ್ಕದ ಮನೆಯ ಚಿಕ್ಕಹನುಮಯ್ಯನನ್ನು ಹೊಲದಿಂದ ಕರೆಸಿ ಹೇಳಿಸಿದ್ದಳು. ಶ್ಯಾನುಭೋಗರಿಗೆ ಆ ಹೆಸರು ಮೊದಲೇ ಗೊತ್ತಿತ್ತು, ಅದು ಬೇರೆ ಮಾತು.

ಮೊದಲನೇ ಮಗನಿಗೂ ಇದೇ ಹೆಸರಿಟ್ಟಿದ್ದರು. ಅಪ್ಪ ಕರೆದ, ಓಣಿಯವರೆಲ್ಲ ಕರೆದರು. ಊರವರು ಹಾಗೆ ಕರೆಯುವುದನ್ನು ಕೇಳುತ್ತಾ ಸಿದ್ದಗಂಗಮ್ಮ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು. ಹೆತ್ತವಳು ಮಾತ್ರ 'ಮಗ' ಎಂದಳು, 'ಕೂಸೇ' ಎಂದಳು, ಸಿಟ್ಟು ಬಂದಾಗ 'ಲೇ' ಎಂದಳು. ನಾಲ್ಕು ವರ್ಷ ಹಾಗೇ ನಡೆಯಿತು.

ಹೋದ ವರ್ಷದ ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಮೂರನೇ ದಿನ ಬಸವಲಿಂಗಯ್ಯ ಡಾಕ್ಟರನ್ನು ಕರೆತರಲು ಗಾಡಿ ಕಟ್ಟಿಕೊಂಡು ಮಧುಗಿರಿಗೆ ಹೋಗಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಮಧ್ಯಾಹ್ನದ ಹೊತ್ತಿಗೆ ಹುಡುಗನ ಕಣ್ಣು ಮೇಲಾದವು. ಅಂಥ ಹೊತ್ತಿನಲ್ಲಿ ಹೆಸರು ಹಿಡಿದು ಕೂಗಬೇಕು, ಕೂಗಿದರೆ ಹೋಗುವ ಜೀವ ತಿರುಗಿ ನೋಡುತ್ತದೆ ಎಂದು ಎಲ್ಲರೂ ಬಲ್ಲರು. ಇಬ್ಬರೂ ಕೂಗಿದರು. ಗಂಟಲು ಹರಿಯುವಂತೆ "ಮಗ, ಮಗ" ಎಂದು ಕೂಗಿದರು. ಹೆಸರು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ. ಹುಡುಗ ತಿರುಗಿ ನೋಡಲಿಲ್ಲ. ಆಮೇಲೆ ಆ ದಿನದ ಬಗ್ಗೆ ಅತ್ತೆ ಸೊಸೆ ಒಂದು ಮಾತೂ ಆಡಿಕೊಂಡಿರಲಿಲ್ಲ.

ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಬಸವಲಿಂಗಯ್ಯನ ಅಕ್ಕ ಶಿವನಂಜಮ್ಮ ಅದಕ್ಕಾಗಿಯೇ ಕೊರಟಗೆರೆಯಿಂದ ಬಂದಿದ್ದಳು. ಚನ್ನಮಲ್ಲಮ್ಮ ಅವಳ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಅಕ್ಕ, ನಿಂಗೆ ಕೈ ಮುಗೀತೀನಿ. ಕಿವೀಲಿ ಬ್ಯಾರೆ ಯಾವ್ದಾದ್ರೂ ಹೇಳ್ಬುಡು. ಗುಂಡಯ್ಯ ಅನ್ನು, ಕಲ್ಲಯ್ಯ ಅನ್ನು. ನನ್ ಬಾಯಿಗೆ ಬರೋ ಹೆಸ್ರಾದ್ರೆ ಸಾಕು."

"ಅವ್ವ ನನ್ನ ಸುಮ್ಕೆ ಬುಟ್ಟಾಳಾ? ಮುದ್ದು, ಪುಟ್ಟ ಅಂತ ಮನೇಲಿ ಕರ್ಯಾಕೆ ಒಂದು ಇಟ್ಕ. ಎಲ್ರೂ ಅಂಗೇ ಕಣಮ್ಮ ಮಾಡಾದು."

"ಅಂಥಾ ಹೊತ್ತು ಬಂದ್ರೆ ಅದು ಸಾಲಾಕಿಲ್ಲ ಅಕ್ಕ."

"ಥೂ, ಬುಡ್ತು ಅನ್ನು! ಒಳ್ಳೆ ದಿನ ಇಂಥಾ ಮಾತಾಡ್ತಾರಾ?" ಎಂದು ಶಿವನಂಜಮ್ಮ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಮಠದ ಅಯ್ಯನವರು ಬಂದರು. ಕೂಸಿಗೆ ವಿಭೂತಿ ಹಚ್ಚಿ ಲಿಂಗ ಕಟ್ಟಿದರು. ಓಣಿಯ ಮುತ್ತೈದೆಯರು ತೊಟ್ಟಿಲ ಸುತ್ತ ನೆರೆದರು. ಸಿದ್ದಗಂಗಮ್ಮ ಗಂಡ ಸತ್ತವಳಾದ್ದರಿಂದ ದೂರ, ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಶಿವನಂಜಮ್ಮ ಬಾಗಿ ಕೂಸಿನ ಕಿವಿಗೆ ಬಾಯಿ ತಂದಳು. ಚನ್ನಮಲ್ಲಮ್ಮ ತಟ್ಟನೆ ಆ ಕಿವಿಯ ಮೇಲೆ ಕೈ ಮುಚ್ಚಿದಳು.

"ಅತ್ತೆಮ್ಮ," ಎಂದಳು. ಕೈ ತೆಗೆಯಲಿಲ್ಲ. "ಆ ಹೆಸ್ರೇ ಇಡಾದಾದ್ರೆ ನೀವೇ ಬಂದು ಹೇಳಿ. ನಾನೂ ನೀವೂ ಕರ್ಯಾಕಾಗ್ದಿರೋ ಹೆಸ್ರು ಈ ಮನೇಲಿ ಇನ್ನೊಂದ್ಸಲ ಬ್ಯಾಡ."

"ಏಯ್!" ಎಂದು ಬಸವಲಿಂಗಯ್ಯ ಮುಂದೆ ಬಂದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಯ್ಯನವರು ಏನೂ ಕೇಳಿಸದವರಂತೆ ಜೋಳಿಗೆ ಸರಿಪಡಿಸಿಕೊಂಡರು.

"ಸುಮ್ಕಿರ್ಲಾ," ಎಂದಳು ಸಿದ್ದಗಂಗಮ್ಮ ಮಗನಿಗೆ. ಬಾಗಿಲು ಬಿಟ್ಟು ನಿಧಾನವಾಗಿ ನಡೆದು ಬಂದಳು. ಸೊಸೆಯ ಮುಂದೆ ನಿಂತು, ತನ್ನ ಗಂಟಲು ಮುಟ್ಟಿ ತೋರಿಸಿದಳು. "ಆವತ್ತು ಇಲ್ಲೀಗಂಟ ಬಂದಿತ್ತು ಕಣಮ್ಮಿ. ಆಡ್ಲಿಲ್ಲ. ಸತ್ತೋರ್ಗೆ ಮರ್ವಾದೆ ಕೊಡಾಕೋಗಿ ಬದುಕಿದ್ದ ಕೂಸ್ನ ಕಳಕಂಡೆ."

ಅವಳು ತೊಟ್ಟಿಲಿಗೆ ಬಾಗಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಮತ್ತೆ ಅಲುಗಿತು. ಮೂರನೇ ಸಲ, ಕಿವಿಯಲ್ಲಿ ಉಸುರಬೇಕಾದ್ದನ್ನು ಕೂಗಿಯೇಬಿಟ್ಟಳು. "ರುದ್ರಯ್ಯಾ!" ಕೂಸು ಬೆಚ್ಚಿ ಅಳತೊಡಗಿತು. ಸಿದ್ದಗಂಗಮ್ಮ ತೊಟ್ಟಿಲ ಹಗ್ಗ ಹಿಡಿದು ನಿಂತು ಸೊಸೆಯ ಕಡೆ ನೋಡಿದಳು.

"ಈಗ ನೀನು," ಎಂದಳು.

ಬಸವಲಿಂಗಯ್ಯ ಅಲ್ಲಿ ನಿಲ್ಲಲಿಲ್ಲ. ಸಿಟ್ಟೋ ನಾಚಿಕೆಯೋ ಅವನಿಗೇ ತಿಳಿಯದೆ ಹೊರಗೆ ಬಂದು ಜಗಲಿಯ ಮೇಲೆ ಕೂತ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕಾಲ ಮೇಲೆ ಕಾಲು ಹಾಕಿದ. ಒಳಗೆ ಕೂಸು ಅಳುತ್ತಲೇ ಇತ್ತು. ಆಮೇಲೆ ಹೆಂಡತಿಯ ದನಿ ಕೇಳಿಸಿತು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. "ರುದ್ರಯ್ಯಾ... ಲೇ ರುದ್ರಯ್ಯಾ... ಇಲ್ನೋಡ್ಲಾ, ರುದ್ರಯ್ಯಾ..." ಅವಳು ನಿಲ್ಲಿಸಲೇ ಇಲ್ಲ. ಹೋದ ವರ್ಷ ಕರೆಯದೆ ಉಳಿದದ್ದನ್ನೂ ಸೇರಿಸಿ ಕರೆಯುತ್ತಿದ್ದಳು. ನಡುನಡುವೆ ಮುದುಕಿಯ ದನಿಯೂ ಸೇರಿತು.

ಬಸವಲಿಂಗಯ್ಯ ಕಾಲು ಕೆಳಗಿಳಿಸಿದ. ಬಾಯಲ್ಲಿದ್ದ ಎಲೆಯನ್ನು ಉಗಿದು, ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡು, ಅಪ್ಪ ಹೊಲದಿಂದ ಬರುವಾಗ ಏಳುತ್ತಿದ್ದಂತೆ ಎದ್ದು ನಿಂತ. ಓಣಿಯಲ್ಲಿ ಯಾರೂ ಬರುತ್ತಿರಲಿಲ್ಲ. ಆದರೂ ಅವನು ಕೂರಲಿಲ್ಲ.