ಮುಚ್ಚಿದ ಖಾತೆಯೊಳಗಿನ ಏಕಾದಶಿ

ನಾನು ಕಂಪ್ಯೂಟರಿನೊಳಗೆ ಕೂತು ಇ-ಮೇಲ್ ತಂದುಕೊಡುವ ಒಂದು ಪ್ರೋಗ್ರಾಂ. ನನ್ನನ್ನು ಹೆತ್ತವರು ಒಬ್ಬರಲ್ಲ. ಒಬ್ಬರ ಮುಖ ಒಬ್ಬರು ಕಾಣದ ಎಷ್ಟೋ ಜನ ಸಾಲಿಗೆ ಸಾಲು ಸೇರಿಸಿ ನನ್ನನ್ನು ಕಟ್ಟಿದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಆದರೆ ಸುಮ್ಮನೆ ಕೂರುವ ಯೋಗವನ್ನು ಮಾತ್ರ ನನ್ನ ಹಣೆಯಲ್ಲಿ ಬರೆಯಲಿಲ್ಲ. ಗಳಿಗೆಗೊಮ್ಮೆ ಎದ್ದು, ದೂರದ ಸರ್ವರಿನ ಕದ ತಟ್ಟಿ, 'ಏನಾದರೂ ಬಂತೇ?' ಎಂದು ಕೇಳುವುದೇ ನನ್ನ ಬಾಳು.

ಮೊದಲು ಗದಗಿನ ಒಬ್ಬ ಬಟ್ಟೆ ವ್ಯಾಪಾರಿಯ ಅಂಗಡಿಯಲ್ಲಿದ್ದೆ. ಅಲ್ಲಿದ್ದದ್ದು ಪಾಪ್ ಎಂಬ ಹಳೇ ಬಗೆಯ ಖಾತೆ. ಬಾವಿಯಿಂದ ನೀರು ಸೇದಿ ಹಂಡೆಗೆ ಸುರಿದ ಹಾಗೆ ಬಂದ ಟಪಾಲನ್ನೆಲ್ಲ ಸೇದಿ ಮೇಲಿನ ಒಂದೇ ಇನ್‌ಬಾಕ್ಸಿಗೆ ಸುರಿಯುತ್ತಿದ್ದೆ. ಅಂಗಡಿ ಮುಚ್ಚಿದಾಗ ಕಂಪ್ಯೂಟರಿನ ಜೊತೆ ನಾನೂ ವೃಂದಾಬಾಯಿಯವರ ಪಂಚಾಂಗದ ಪ್ರೆಸ್ಸಿಗೆ ಬಂದೆ. ಅಲ್ಲಿ ಐಮ್ಯಾಪ್ ಎಂಬ ಹೊಸ ಖಾತೆ ಸೇರಿತು. ಅದು ಹಂಡೆಗೆ ಸೇರುವ ಪೈಕಿಯಲ್ಲ. ಬೇರೆ ಒಲೆ ಹೂಡಿದ ಸೊಸೆಯ ಹಾಗೆ ಎಡಗಡೆಯ ಪಟ್ಟಿಯಲ್ಲಿ ಕೆಳಗೆ ತನ್ನದೇ ಇನ್‌ಬಾಕ್ಸು, ತನ್ನದೇ ಕಸದ ಬುಟ್ಟಿ ಇಟ್ಟುಕೊಂಡು ಕೂತಿತು. ಹೆಸರಿನ ಪಕ್ಕ ಒಂದು ಸಣ್ಣ ಬಾಣ. ಒತ್ತಿದರೆ ಸಂಸಾರವೆಲ್ಲ ಮಡಚಿಕೊಂಡು ಹೆಸರಷ್ಟೇ ಉಳಿಯುತ್ತದೆ.

ವೃಂದಾಬಾಯಿಗೆ ಆ ಬಾಣ ಹಿತ್ತಲ ಬಾಗಿಲಾಗಿ ಕಂಡಿತು. ದೀಪ ಹಚ್ಚುವಾಗ ಹಿತ್ತಲ ಕದ ತೆರೆದಿದ್ದರೆ ಲಕ್ಷ್ಮಿ ನಿಲ್ಲುವಳೇ? ಪ್ರತಿ ಸಂಜೆ ಊದುಬತ್ತಿ ಬೆಳಗುವ ಮೊದಲು ಬಾಣ ಒತ್ತಿ ಖಾತೆ ಮುಚ್ಚುವರು. ಬೆಳಿಗ್ಗೆ ರಂಗೋಲಿ ಹಾಕಿ ಬಂದು ತೆರೆಯುವರು.

ಒಂದು ವರ್ಷ ಪಂಚಾಂಗದ ಗಣಿತ ಹಾಕಿದ ಗುಂಡಾಚಾರ್ಯರು ಕಾರ್ತಿಕ ಮುಗಿಯುವ ತನಕ ಮೌನವ್ರತ ಹಿಡಿದಿದ್ದರು. ಫೋನೂ ಬಂದ್. 'ಒಂದು ಏಕಾದಶಿ ಸಂಶಯ. ತಿದ್ದುವುದಿದ್ದರೆ ಮುದ್ರಣದ ದಿನ ಬೆಳಿಗ್ಗೆಯೊಳಗೆ ಬರೆಯುವೆ' ಎಂದು ಹೊಸ ಖಾತೆಗೆ ಮೇಲ್ ಹಾಕಿದ್ದರು.

ಮುದ್ರಣದ ಬೆಳಿಗ್ಗೆ ಯಂತ್ರಕ್ಕೆ ಪೂಜೆ. ಕಾಯಿ, ಕರ್ಪೂರ, ಪುರೋಹಿತರ ಅವಸರ. ವೃಂದಾಬಾಯಿಯವರು ಖಾತೆ ತೆರೆಯುವುದನ್ನೇ ಮರೆತು ಮೇಲಿನ ಇನ್‌ಬಾಕ್ಸ್ ಮಾತ್ರ ನೋಡಿದರು. ಆಚಾರ್ಯರ ಮೇಲ್ ಬಂದಾಗಿತ್ತು, ಆದರೆ ಮುಚ್ಚಿದ ಖಾತೆಯೊಳಗೆ! ನಾನು ಖಾತೆಯ ಹೆಸರನ್ನು ದಪ್ಪಕ್ಷರ ಮಾಡಿ ತೋರಿಸಿದೆ. ಅವರ ಕಣ್ಣು ಅತ್ತ ಹೊರಳಲಿಲ್ಲ.

"ಏನೂ ಬಂದಿಲ್ರಿ ಹುಸೇನಸಾಬ್ರ. ಶುರು ಮಾಡ್ರಿ."

ಯಂತ್ರದ ಮುಂದಿದ್ದ ಹುಸೇನಸಾಬರು ನಕ್ಕರು. "ಆಚಾರ್ರು ಬಾಯಿ ಮುಚ್ಯಾರ, ಟಪಾಲೂ ಮುಚ್ಯಾರೇನ್ರಿ ಬಾಯಾರ?"

ಯಂತ್ರ ಗಡಗಡ ಎಂದಿತು. ಒಂದೊಂದು ಹಾಳೆ ಬಿದ್ದಾಗಲೂ ಒಂದೊಂದು ಮನೆಯ ವ್ರತ ಕೆಡುತ್ತಿತ್ತು. ಕೂಗಲು ಬಾಯಿಲ್ಲ. ಹೋಗಿ ಸೆರಗು ಜಗ್ಗಲು ಕೈಯಿಲ್ಲ.

ವೃಂದಾಬಾಯಿಗೂ ನೆಮ್ಮದಿ ಇರಲಿಲ್ಲ. ಆಚಾರ್ಯರ ಮಾತನ್ನು ಮತ್ತೊಮ್ಮೆ ಓದೋಣವೆಂದು ಹುಡುಕುವ ಪೆಟ್ಟಿಗೆಯಲ್ಲಿ ಅವರ ಹೆಸರು ಬರೆದರು. ಹುಡುಕುವಾಗ ನನಗೆ ಮೇಲಿನ ಮನೆ, ಕೆಳಗಿನ ಮನೆ ಎಂಬ ಭೇದವಿಲ್ಲ. ಮುಚ್ಚಿದ್ದನ್ನೂ ಹೊಕ್ಕು ತರುತ್ತೇನೆ. ಎಲ್ಲಕ್ಕಿಂತ ಮೇಲೆ ಬೆಳಗಿನ ಮೇಲನ್ನೇ ಇಟ್ಟೆ: 'ಆ ಏಕಾದಶಿಗೆ ದಶಮಿಯ ಸೋಂಕು ಉಂಟು. ಉಪವಾಸ ಮರುದಿನ.'

"ನಿಲ್ಲಸ್ರೀ! ಯಂತ್ರ ನಿಲ್ಲಸ್ರೀ!"

ಸದ್ದು ನಿಂತಿತು. ಹುಸೇನಸಾಬರು ಕೈ ಒರೆಸುತ್ತ ಬಂದರು. "ಇಷ್ಟು ಹಾಳಿ ಅಚ್ಚಾಗ್ಯಾವಲ್ರಿ. ಒಂದ್ ಸಣ್ಣ ಚೀಟಿ ಅಂಟಿಸಿದ್ರಾತು, ತಗೋರಿ."

"ಚೀಟಿ ಉದುರಿದ್ರ? ನಮ್ಮ ಪಂಚಾಂಗ ನಂಬಿ ಮಂದಿ ಏಕಾದಶಿ ದಿನ ಉಂಡ್ರ, ಆ ದೋಷ ಯಾರ ಕೊರಳಿಗ್ರಿ? ರದ್ದಿಗೆ ಹಾಕ್ರಿ."

ಅವರು ಅಚ್ಚಾದ ಹಾಳೆಯೆಲ್ಲ ರದ್ದಿಗೆ ಹಾಕಿ, ತಿದ್ದಿದ ಪುಟದ ಹೊಸ ಅಚ್ಚಿನ ತಗಡು ಕಟ್ಟಿದರು.

ಮುಂದಿನ ವರ್ಷ ಆ ತಿದ್ದಿದ ಏಕಾದಶಿಯ ದಿನ ಬಂತು. "ಇವತ್ತ ಚಾನೂ ಇಲ್ಲೇನ್ರಿ ಬಾಯಾರ?" ಎಂದರು ಹುಸೇನಸಾಬರು.

"ನಮಗಿಲ್ಲ. ನಿಮಗ ಅದ. ಕುಡೀರಿ."

"ಊರೆಲ್ಲ ಉಪಾಸ ಇದ್ದಾಗ ನನಗೊಬ್ಬಗ ಹೆಂಗ ಇಳೀತದ್ರಿ?" ಎಂದು ಅವರು ಚಹಾದ ಕಪ್ಪು ಬದಿಗಿಟ್ಟರು.

ಈಗ ಪ್ರೆಸ್ಸಿನವರು ಟಪಾಲನ್ನೆಲ್ಲ ಫೋನಿನಲ್ಲೇ ನೋಡುತ್ತಾರೆ. ನಾನಿರುವ ಕಂಪ್ಯೂಟರು ಕಾಗದದ ಕೋಣೆಯ ಮೂಲೆ ಸೇರಿದೆ. ಹಳೆಯ ಲೆಕ್ಕ ಬೇಕಾದಾಗ ಯಾರಾದರೂ ಗುಂಡಿ ಒತ್ತಿದರೆ ನಾನೂ ಏಳುತ್ತೇನೆ. ಗುಪ್ತಪದ ಬದಲಾಗಿದೆ, ಸರ್ವರ್ ನನ್ನನ್ನು ಒಳಗೆ ಬಿಡುವುದಿಲ್ಲ. ಆದರೂ ಹೋಗಿ ತಟ್ಟುತ್ತೇನೆ. ಒಳಗಿನಿಂದ ಓಗೊಡುವವರಿದ್ದಾರೆಂದು ತಿಳಿದೇ ತಟ್ಟುವುದಾದರೆ ಅದು ಬರೀ ಕೆಲಸ. ತಿಳಿಯದೆಯೂ ತಟ್ಟುತ್ತಿದ್ದರೆ ಅದಕ್ಕೆ ಪ್ರಾರ್ಥನೆ ಎನ್ನಬಹುದೇನೋ.