ಗಂಟೆ ಬರುವ ಜಾಗ

"ಪ್ಲೇಯರ್ ಒಳಗಿಂದು ಬೇಡ ಅಂತ ಹೇಳ್ತಿಲ್ವಾ? ಬೇರೆ ಡಬ್ಬಕ್ಕೆ ಕೊಡಯ್ಯಾ ವೈರು!"

ಮೇಸ್ತ್ರಿ ಕೂಗಿದ ಹೊತ್ತಿಗೆ ಅಳಿಯ ಕಪಾಟಿನ ಹಿಂದೆ ಅರ್ಧ ಮೈ ತೂರಿಸಿಕೊಂಡು ಧೂಳಿನಲ್ಲಿ ಪ್ಲಗ್ಗು ಹುಡುಕುತ್ತಿದ್ದ. ಸ್ವಲ್ಪ ಹಿಂದೆ ಸರಿದರೂ ಸತ್ತ ಮಾವನ ಕಾಲು ತಗಲುವಂತಿತ್ತು. ಕೋಣೆ ಇದ್ದದ್ದೇ ಅಷ್ಟು. ಮಂಚ ಎತ್ತಿ ಗೋಡೆಗೆ ಒರಗಿಸಿ ಮಾವನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬಟ್ಟೆ ಮಿಲ್ಲಿನಲ್ಲಿ ಮಗ್ಗ ಬಿಚ್ಚಿ ಜೋಡಿಸಿಯೇ ಮುದುಕರಾದವರು. ಬೀದಿಗೆಲ್ಲ ಅವರು ಫಿಟ್ಟರು, ಹೆಂಡತಿ ಫಿಟ್ಟರಮ್ಮ.

"ನಾನು ಹೋಗೋ ದಿನ ಆ ಹಾಡು ಹಾಕಿ ಕಳಿಸಿ" ಎಂದು ಫಿಟ್ಟರು ಬದುಕಿದ್ದಾಗ ಎಲ್ಲರ ತಲೆ ತಿಂದಿದ್ದರು. ಅವರ ರೆಕಾರ್ಡ್ ಪ್ಲೇಯರ್ ಮುಟ್ಟಲು ಗೊತ್ತಿದ್ದವನು ಅಳಿಯನೊಬ್ಬನೇ. ಅವನದು ಅಂಥವೇ ಸಾಮಾನಿನ ಅಂಗಡಿ. ಆದರೆ ಅವನು ಈ ಹೊಸ್ತಿಲು ದಾಟಿ ಎಷ್ಟೋ ವರ್ಷವಾಗಿತ್ತು. ಮಗಳೂ ಗಂಡನ ಜೊತೆಗೇ ತವರು ಬಿಟ್ಟಿದ್ದಳು.

ಗೋಡೆಯ ಪಕ್ಕದಲ್ಲಿ ಮಿಲ್ಲಿನ ಮೇಸ್ತ್ರಿಯೂ ಅಲ್ಲಿನ ಇನ್ನೂ ನಾಲ್ಕು ಜನರೂ ಸಾಲಾಗಿ ಕೂತಿದ್ದರು. "ಕಳ್ಳ ನನ್ಮಗ, ಯಾವ ಮುಖ ಇಟ್ಕೊಂಡು ಬಂದ್ನೋ" ಎಂದು ಒಬ್ಬ ಪಕ್ಕದವನ ಕಿವಿಯಲ್ಲಿ ಗುಟ್ಟಾಗಿ ಹೇಳಿದ. ಗುಟ್ಟು ಬೀದಿಯ ಆ ತುದಿಗೂ ಕೇಳಿಸಿತು. ಪಾಪ, ಮಗ್ಗದ ಶೆಡ್ಡಿನಲ್ಲಿ ಆಯಸ್ಸು ಕಳೆದವರಿಗೆ ಪಿಸುಮಾತು ಎಲ್ಲಿಂದ ಬರಬೇಕು? ಅಲ್ಲಿ ಒಂದೋ ಅರಚಬೇಕು, ಇಲ್ಲಾ ಎದುರಿನವನ ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕು.

ಮಗಳ ಮೈ ಉರಿದುಹೋಯಿತು. ಕಪಾಟಿನ ಹತ್ತಿರ ಬಗ್ಗಿ ಗಂಡನಿಗೆ ಹೇಳಿದಳು: "ಕೇಳಿಸ್ತಾ? ಇವತ್ತು ಅಮ್ಮ ಇವರೆಲ್ಲರ ಮುಂದೆ ನಿಜ ಹೇಳ್ಬೇಕು. ಹೇಳ್ಲಿಲ್ವೋ, ಆಮೇಲೆ ನಾನು ಈ ಕಡೆ ತಲೆ ಹಾಕೂ ಮಲಗಲ್ಲ."

"ಈಗ ಸುಮ್ನಿರೇ," ಎಂದ ಅವನು. ಬೇಡ ಎಂದು ಮಾತ್ರ ಹೇಳಲಿಲ್ಲ.

*

ಆ ರೆಕಾರ್ಡು ಫಿಟ್ಟರಮ್ಮ ಶಾಲೆಯಲ್ಲಿದ್ದಾಗಿನದು. ಹುಡುಗಿಯರ ಮೇಳ ಹಾಡಿದ ಒಂದು ಹಾಡನ್ನು ಯಾರೋ ಮುದ್ರಿಸಿಕೊಂಡಿದ್ದರು. ಫಿಟ್ಟರಮ್ಮನಿಗೆ ಕಂಠ ಅಷ್ಟಕ್ಕಷ್ಟೇ. ಅದಕ್ಕೇ ಅವಳ ಕೈಗೊಂದು ಪುಟ್ಟ ಗಂಟೆ ಕೊಟ್ಟು ಮೂಲೆಯಲ್ಲಿ ನಿಲ್ಲಿಸಿದ್ದರು. ಹಾಡು ನಡುವೆ ಒಂದು ಕಡೆ ಪೂರ್ತಿ ನಿಲ್ಲುತ್ತದೆ. ಗಂಟೆ ಒಂದೇ ಸಲ ಕಿಣಿ ಎನ್ನುತ್ತದೆ. ಹಾಡು ಮತ್ತೆ ಎತ್ತಿಕೊಳ್ಳುತ್ತದೆ. ಅವಳ ಪಾಲು ಅಷ್ಟೇ. ಮದುವೆಯಾದ ಮೇಲೆ ಫಿಟ್ಟರು ಊರೆಲ್ಲ ಅಲೆದು ಆ ರೆಕಾರ್ಡು ತಂದರು. ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆದು ಅದನ್ನು ಹಾಕುವರು, ಆ ಜಾಗ ಬರುತ್ತಲೇ ಬೆರಳೆತ್ತುವರು. "ಬಂದ್ಲು ನೋಡು ನಮ್ಮವಳು!" ಎನ್ನುವರು. "ಸಾಕು ಸುಮ್ನಿರಿ" ಎಂದು ಅವಳು ನಾಚಿಕೊಂಡು ಒಳಗೆ ಹೋಗುವಳು. ದುಡ್ಡು ಕಾಸು ಕಾಣದ ಮನೆಯಲ್ಲಿ ಅದೊಂದು ಸುಖ.

ಹಳೆಯ ಪ್ಲೇಯರ್ ಕೆಟ್ಟು ಮೂಲೆ ಸೇರಿತು. ಎಷ್ಟೋ ಕಾಲ ಹಾಡೇ ಇರಲಿಲ್ಲ. ಫಿಟ್ಟರಿಗೆ ಕೆಲಸದಿಂದ ನಿವೃತ್ತಿಯಾದಾಗ ಅಳಿಯ ಹೊಸದೊಂದು ತಂದುಕೊಟ್ಟ.

"ಮಾವ, ರೆಕಾರ್ಡಿಂದ ಮುಳ್ಳು ಎತ್ತಿ ಕೊಡೋ ಸದ್ದು ಇರುವೆ ಹೆಜ್ಜೆಯಷ್ಟು ಸಣ್ಣದು. ಅದನ್ನ ದೊಡ್ಡದು ಮಾಡೋಕೆ ಪ್ರೀಆಂಪ್ ಅಂತ ಒಂದು ಬೇಕು. ಬೇರೆ ಡಬ್ಬಾನೂ ಸಿಗುತ್ತೆ. ಇದರಲ್ಲಿ ಒಳಗೇ ಕೂರಿಸಿದಾರೆ. ನಿಮ್ಮ ಕೋಣೆಗೆ ಇದು ಧಾರಾಳ."

ಹಾಡು ಶುರುವಾಯಿತು, ಆ ಜಾಗಕ್ಕೆ ಬಂದು ನಿಂತಿತು. ಫಿಟ್ಟರು ಬೆರಳೆತ್ತಿದರು. ಹಾಡು ಮುಂದಕ್ಕೆ ಹೋಯಿತು. ಬೆರಳು ಮೇಲೆಯೇ ಉಳಿಯಿತು.

"ಎಲ್ಲೋ ನಮ್ಮವಳು?"

"ಬಂತಲ್ಲ ಮಾವ."

"ಏನ್ ಬಂತು, ನನ್ನ ತಲೆ!"

ಒಳಗಿರುವುದು ಕಳಪೆ ಮಾಲು ಎಂದಾಯಿತು. ಅಳಿಯ ಬೇರೆ ಡಬ್ಬ ತಂದ. ಅದರಲ್ಲೂ ಗಂಟೆ ಬರಲಿಲ್ಲ. ಅದಕ್ಕಿಂತ ದೊಡ್ಡದು ತಂದ. ಊಹೂಂ. ಒಂದು ದಿನ ಫಿಟ್ಟರು ತಾವೇ ವೈರು ಸಿಕ್ಕಿಸಿದರು. ಒಳಗಿನದನ್ನು ಆಫ್ ಮಾಡದೆ ಹೊರಗಿನ ಡಬ್ಬಕ್ಕೂ ಕೊಟ್ಟರು. ಒಮ್ಮೆ ದೊಡ್ಡದಾದ ಸದ್ದು ಇನ್ನೊಮ್ಮೆ ದೊಡ್ಡದಾಗಿ, ಹಾಡುವ ಹುಡುಗಿಯರೆಲ್ಲ ಬೆಂಕಿ ಬಿದ್ದ ಮನೆಯೊಳಗಿಂದ ಚೀರಿದಂತಾಯಿತು. ಅಕ್ಕಪಕ್ಕದವರು ದಡಬಡನೆ ಕಿಟಕಿ ಹಾಕಿಕೊಂಡರು. ಫಿಟ್ಟರ ಮುಖ ಮಾತ್ರ ಅರಳಿತು. "ಈಗ ನೋಡು, ಏನೋ ಒಂಚೂರು ಬಂತು!"

ಅಳಿಯನಿಗೆ ಆಗ ಹೊಳೆಯಿತು. "ಮಾವ, ತಪ್ಪು ತಿಳ್ಕೋಬೇಡಿ. ಒಂದ್ಸಲ ಕಿವಿ ತೋರಿಸ್ಕೊಳ್ಳಿ. ಮಗ್ಗದ ಗದ್ದಲದಲ್ಲಿದ್ದ ಕಿವಿಗೆ ಇಂಥ ಸಣ್ಣ ದನಿನೇ ಮೊದಲು ಹೋಗೋದು."

ಅಷ್ಟೇ ಸಾಕಾಯಿತು. ಕೆಟ್ಟ ಮಾಲು ಕೊಟ್ಟು, ಮೇಲೆ ನನ್ನನ್ನೇ ಕಿವುಡ ಅಂತೀಯಾ ಎಂದು ಫಿಟ್ಟರು ಕೆಂಡವಾದರು. ಮಾರನೆಯ ದಿನವೇ ಪಂಚಾಯಿತಿ ಸೇರಿಸಿದರು. ಪಂಚರು ಯಾರು? ಅದೇ ಶೆಡ್ಡಿನವರು, ಅವೇ ಮಗ್ಗಗಳ ನಡುವೆ ಅಷ್ಟೇ ವರ್ಷ ನಿಂತವರು. ಹಾಡು ಕೇಳಿ ಒಬ್ಬೊಬ್ಬರಾಗಿ ತಲೆಯಾಡಿಸಿದರು: ಇಲ್ಲ, ಗಂಟೆ ಇಲ್ಲ.

"ಇಷ್ಟು ಜನ ಸುಳ್ಳು, ನೀನೊಬ್ಬ ಸತ್ಯಾನಾ?" ಎಂದು ಫಿಟ್ಟರು ಹೆಂಡತಿಯ ಕಡೆ ತಿರುಗಿದರು. "ನೀನೇ ಹೇಳೇ. ನಿನ್ನ ಕೈಯಿಂದು. ಕೇಳಿಸ್ತಾ?"

ಫಿಟ್ಟರಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಗಂಡನ ಮುಖ ನೋಡಿದಳು. ಅಂಥ ಗಟ್ಟಿ ಮನುಷ್ಯನ ಕಣ್ಣಲ್ಲಿ ಅಷ್ಟು ಹೆದರಿಕೆ ಅವಳು ಯಾವತ್ತೂ ಕಂಡಿರಲಿಲ್ಲ.

"ಇಲ್ಲ ಕಣ್ರೀ. ನಂಗೂ ಕೇಳಿಸ್ಲಿಲ್ಲ."

ಅಳಿಯ ಅವಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

*

ಮಗಳು ತಾಯಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಮ್ಮ, ನಿಂಗೆ ಕೇಳಿಸಿತ್ತು ತಾನೇ?"

"ಹೆಣ ಮುಂದಿಟ್ಕೊಂಡು ಇದೇನೇ ನಿಂದು?"

"ಬದುಕಿದ್ದಾಗ ಕೇಳಿದ್ರೆ, ಅವರು ಬದುಕಿದಾರೆ ಬೇಡ ಅಂದೆ. ಇನ್ನು ಯಾವಾಗ ಕೇಳ್ಲಿ?"

ಫಿಟ್ಟರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಮಗ್ಗ ಕೆಟ್ಟರೆ ದೂರದಿಂದ ಸದ್ದು ಕೇಳೇ ಇಂಥಾ ಕಡೆ ಕೆಟ್ಟಿದೆ ಅಂತಿದ್ರು ಕಣೇ ಅವರು. ಆ ಕಿವಿ ಹೋಯ್ತು ಅಂತ ನಾನು ಹೆಂಗೆ ಹೇಳ್ಲಿ? ನಾಳೆ ಹೇಳಿದ್ರಾಯ್ತು, ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ."

"ನಿನ್ನ ನಾಳೆಗೆ ನನ್ನ ಗಂಡ ಕಳ್ಳ ಆದ. ಹೋಗ್ಲಿ ಬಿಡು. ಅಪ್ಪನ ಜೊತೆ ನಿಂಗೆ ನಾನೂ ಸತ್ತೆ ಅಂದ್ಕೋ."

ಹೊರಗೆ ಹಾಡು ಶುರುವಾಯಿತು. ಇಬ್ಬರೂ ಬಾಗಿಲಿಗೆ ಬಂದು ನಿಂತರು.

ಮೇಸ್ತ್ರಿ ಹೇಳಿದಂತೆಯೇ ಅಳಿಯ ಒಳಗಿನದನ್ನು ಆಫ್ ಮಾಡಿ, ಬೇರೆ ಡಬ್ಬಕ್ಕೆ ವೈರು ಕೊಟ್ಟಿದ್ದ. ಹುಡುಗಿಯರು ಹಾಡಿದರು, ನಿಂತರು. ಗಂಟೆ ಕಿಣಿ ಎಂದಿತು. ಬಾಗಿಲಾಚೆ ಕೂತಿದ್ದ ನೆರೆಮನೆಯ ಹೆಂಗಸು ತಲೆ ಎತ್ತಿದಳು.

"ನೋಡಿದ್ರಾ?" ಎಂದರು ಮೇಸ್ತ್ರಿ. "ಇಲ್ಲ! ಆ ಒಳಗಿಂದ್ರಲ್ಲೂ ಒಂದ್ಸಲ ಹಾಕು, ನೋಡೇಬಿಡೋಣ."

ಅಳಿಯ ವೈರು ಬದಲಾಯಿಸಿದ. ಮತ್ತೆ ಹಾಡು, ಮತ್ತೆ ಮೌನ, ಮತ್ತೆ ಗಂಟೆ.

"ಇದರಲ್ಲೂ ಇಲ್ಲ! ಎರಡೂ ಕಳಪೆ. ಹೆಣದ ಮುಂದೂ ಮೋಸಾನೇನಯ್ಯಾ?"

ಅಳಿಯನ ಬಾಯಿ ತೆರೆಯಿತು. ಮಾವನ ಮುಖ ನೋಡಿದ. ಬಾಯಿ ಮುಚ್ಚಿಕೊಂಡು ಮುಳ್ಳು ಎತ್ತಿಟ್ಟ.

"ಬಂತು," ಎಂದಳು ಫಿಟ್ಟರಮ್ಮ.

"ಏನಂದ್ರಿ ಅತ್ತಿಗೆ?"

"ಬಂತು ಅಂದೆ!" ಅವಳ ಗಂಟಲು ಕಿತ್ತುಬರುವಂತಿತ್ತು. "ಗಂಟೆ ಬಂತು ಮೇಸ್ತ್ರಿ! ಎರಡರಲ್ಲೂ ಬಂತು! ಅವತ್ತೂ ಬಂದಿತ್ತು! ಅಳಿಯಂದಿರದು ಏನೂ ತಪ್ಪಿಲ್ಲ, ನಾನೇ ಸುಳ್ಳು ಹೇಳ್ದೆ. ಇವರಿಗೆ ಕಿವಿ ಹೋಗಿತ್ತು. ಅಯ್ಯೋ, ನಿಮಗೂ ಹೋಗಿದೆ, ನಿಮ್ಮೆಲ್ಲರಿಗೂ ಹೋಗಿದೆ!"

ಹೇಳಿದವಳೇ ಗಂಡನ ಕಾಲ ಬಳಿ ಕುಸಿದಳು. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಗಂಡನ ಗುಟ್ಟನ್ನು ಅವರು ಎದ್ದು ಜಗಳ ಆಡಲಾಗದ ದಿನ ಬೀದಿಗೆ ಹಾಕಿದ್ದಳು. ಅದನ್ನು ಅವಳಿಗೆ ತಾಳಿಕೊಳ್ಳಲಾಗಲಿಲ್ಲ. ಮಗಳು ಬಂದು ಹಿಂದಿನಿಂದ ತಬ್ಬಿಕೊಂಡಳು. ಅಳಿಯ ಅಲ್ಲೇ ನೆಲದ ಮೇಲೆ ಕೂತ. ಗೆದ್ದದ್ದು ಅವನೇ, ಆದರೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಶವದ ಗಾಡಿಯ ಡ್ರೈವರ್ ಬಾಗಿಲಿಗೆ ಬಂದು, "ಎತ್ತೋಣ್ವಾ?" ಎಂದು ಮೆಲ್ಲಗೆ ಕೇಳಿದ.

ಹೆಗಲು ಕೊಡಬೇಕಾದವರು ಯಾರೂ ತಿರುಗಲಿಲ್ಲ. ಮೇಸ್ತ್ರಿ ಬಲಗಿವಿಯ ಪಕ್ಕ ಕೈ ತಂದು ಹೆಬ್ಬೆರಳಿಗೆ ತೋರುಬೆರಳು ತಿಕ್ಕಿದರು. ಸದ್ದು ಕೇಳುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದರು. ಇನ್ನೂ ಜೋರಾಗಿ ತಿಕ್ಕಿದರು. ಆಮೇಲೆ ಎಡಗಿವಿಗೆ ಹೋದರು. ಅವರನ್ನು ನೋಡಿ ಪಕ್ಕದವನೂ ಕೈ ಎತ್ತಿದ, ಅವನ ಪಕ್ಕದವನೂ. ಗೋಡೆಯ ಉದ್ದಕ್ಕೂ ಮುದುಕರು ಉಸಿರು ಬಿಗಿಹಿಡಿದು ತಮ್ಮ ತಮ್ಮ ಕಿವಿಯ ಬಳಿ ಬೆರಳು ತಿಕ್ಕುತ್ತ ಕೂತಿದ್ದರು.