ಉಬ್ಬಿದ ಹಿಟ್ಟು

"ಇಳಿಸು ಹರೀಶ! ಅದನ್ನು ಮೋರಿಗೆ ಸುರಿದೆಯೋ, ನಿನ್ನ ಅಪ್ಪನ ಒಟ್ಟಿಗೆ ನನ್ನನ್ನೂ ಕಳಿಸಿಬಿಡು!"

ಗಂಡನ ಹೆಣದ ತಲೆದಿಕ್ಕಿನಲ್ಲಿ ಕುಳಿತಿದ್ದ ಜಯಂತಿ ಎದ್ದು ಹಿತ್ತಿಲಿಗೆ ಓಡಿ ಬಂದಿದ್ದಳು. ಮಗನ ಕೈಯಲ್ಲಿ ಅವರದೇ ಹೋಟೆಲಿನ ಇಡ್ಲಿ ಹಿಟ್ಟಿನ ಕೊಳಗ. ಮೇ ತಿಂಗಳ ಬರೋಡಾದ ಸೆಕೆಗೆ ಹಿಟ್ಟು ಉಬ್ಬಿ, ಮುಚ್ಚಳವನ್ನೇ ಎತ್ತಿ ಅಂಚಿನಿಂದ ಇಳಿಯುತ್ತಿತ್ತು. ನಿನ್ನೆ ಸಂಜೆ ಅದನ್ನು ರುಬ್ಬಿಟ್ಟ ವಾಸುದೇವ, ನಸುಕಿನಲ್ಲಿ ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ.

"ನಾನ್ ಏನ್ ಮಾಡ್ಲಿ ಅಮ್ಮಾ? ಚಾಚಾನೇ ಹೇಳಿದ್ದು," ಎಂದ ಹರೀಶ.

ನರೋಡಾದಿಂದ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದ ಮೈದುನ ಲಕ್ಷ್ಮೀನಾರಾಯಣ ತಲೆ ತಗ್ಗಿಸಿಯೇ ಮಾತಾಡಿದ. "ಸೂತಕದ ಮನೆಯದ್ದು ಯಾರಿಗೆ ಕೊಡ್ಲಿಕ್ಕೆ ಆಗ್ತದೆ ಅತ್ತಿಗೆ? ಸಮಾರಾಧನೆ ಆಗುವ ತನಕ ಹೋಟೆಲಿನ ಒಲೆ ಹಚ್ಚುವ ಹಾಗಿಲ್ಲ. ಮಧ್ಯಾಹ್ನಕ್ಕೆ ಹುಳಿ ಬಂದು ನಾರ್ತದೆ ಇದು."

ಮಾತು ಶಾಸ್ತ್ರದ್ದೇ, ಅವಳಿಗೂ ಗೊತ್ತು. ಆದರೆ ಗಂಡನ ಕೈಯ ಕೊನೆಯ ಕೆಲಸ ಮಂಜಲ್‌ಪುರದ ಮೋರಿಯಲ್ಲಿ ಹರಿಯುವುದನ್ನು ಕಣ್ಣಾರೆ ನೋಡಲು ಅವಳಿಂದಾಗದು.

*

ಜಯಂತಿಯ ಅಣ್ಣನ ಮಗಳ ಮದುವೆಗೆ ಊರಿಗೆ ಹೊರಟ ದಿನವೂ ಹೀಗೇ. ಆಟೋ ಬಾಗಿಲಲ್ಲಿ ಬಂದು ನಿಂತರೂ ವಾಸುದೇವ ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುತ್ತಲೇ ಇದ್ದ.

"ರೈಲು ನನ್ನ ಅಪ್ಪನದ್ದಾ, ನಮಗೆ ಕಾಯ್ಲಿಕ್ಕೆ?"

"ಉಬ್ಬಿದ ಹಿಟ್ಟು ನಮ್ಮದಲ್ಲ ಮಾರಾಯ್ತಿ, ಮಕರ್‌ಪುರಾ ಫ್ಯಾಕ್ಟರಿಯ ಬೆಳಗಿನ ಪಾಳಿಯವರದ್ದು. ಖಾಲಿ ಹೊಟ್ಟೆಯಲ್ಲಿ ಮೆಷಿನ್ ಎದುರು ನಿಲ್ತಾರಾ ಅವರು?"

ರೈಲು ತಪ್ಪಿತು, ಮದುವೆಯೂ ತಪ್ಪಿತು. ವರ್ಷವಿಡೀ ಅವಳು ಅದನ್ನೇ ಎತ್ತಿ ಆಡಿದಳು. ಆ ಪುಣ್ಯಾತ್ಮ ನಗುತ್ತಾ ಬಿಸಿ ಇಡ್ಲಿ ತಂದು ಮುಂದಿಡುತ್ತಿದ್ದ.

*

ವರ್ಷಗಳ ನೆರೆಯಲ್ಲಿ ಕನ್ನಡ ಅಷ್ಟಿಷ್ಟು ತಿಳಿದಿದ್ದ ಪಕ್ಕದ ಮನೆಯ ರಮೀಲಾಬೆನ್ ಬಿಳಿ ಸೀರೆಯ ಸೆರಗನ್ನು ತಲೆಗೆ ಎಳೆದುಕೊಂಡು ಎಲ್ಲ ಕೇಳುತ್ತ ನಿಂತಿದ್ದಳು. ಈಗ ಮುಂದೆ ಬಂದು ಹಿಂದಿಯಲ್ಲಿ ಹೇಳಿದಳು:

"ರುಬ್ಬುವಾಗ ವಾಸುಭಾಯಿ ಇದ್ದರಲ್ಲ? ಆಗ ಎಲ್ಲಿತ್ತು ಸೂತಕ? ನಮ್ಮ ಮನೆಗೆ ಹೊತ್ತು ತನ್ನಿ. ಸೂರತ್ ಕಡೆ ನಾವು ಇಂಥದೇ ಹಿಟ್ಟನ್ನು ತಾಟಿಗೆ ಹೊಯ್ದು ಬೇಯಿಸಿ, ತುಂಡು ಕೊಯ್ದು ತಿನ್ನುತ್ತೇವೆ. ನಾನು ಬೇಯಿಸಿ ಪಾಳಿಯವರಿಗೆ ಹಂಚ್ತೇನೆ."

ಲಕ್ಷ್ಮೀನಾರಾಯಣ ಒಳಗೆ ಮಲಗಿಸಿದ್ದ ಅಣ್ಣನ ಕಡೆ ನೋಡಿದ. ಆಮೇಲೆ ಕೊಳಗದ ಇನ್ನೊಂದು ಕಿವಿಯನ್ನು ತಾನೇ ಹಿಡಿದ.

ಹನ್ನೊಂದರ ಹೊತ್ತಿಗೆ ನಗರಪಾಲಿಕೆಯ ಶವವಾಹನ ಬಂತು. ಪಾಳಿ ಬಿಟ್ಟು ಬಂದ ಕಾರ್ಮಿಕರು ಹಿಂದೆ ನಡೆದರು. ಗಂಡಸರು ಸ್ಮಶಾನದಿಂದ ಮರಳಿ, ಎಲ್ಲರ ಸ್ನಾನವೂ ಆದ ಮೇಲೆ ರಮೀಲಾಬೆನ್ ಒಂದು ತುಂಡು ತಂದು ಜಯಂತಿಯ ಬಾಯಿಗಿಟ್ಟಳು.

ಸಪ್ಪೆ. ಉಪ್ಪೇ ಇಲ್ಲ!

ಬೇಸಿಗೆಯಲ್ಲಿ ವಾಸುದೇವ ಹಿಟ್ಟಿಗೆ ಉಪ್ಪು ಹಾಕುತ್ತಿದ್ದದ್ದು ಬೆಳಿಗ್ಗೆ, ಇಡ್ಲಿ ಹೊಯ್ಯುವ ಮುಂಚೆ. ರಮೀಲಾಬೆನ್‌ಗೆ ಅದು ಹೇಗೆ ಗೊತ್ತಿರಬೇಕು? ಹೇಳಬೇಕಾದವಳಿಗೇ ನೆನಪಾಗಿರಲಿಲ್ಲ. ಅಯ್ಯೋ ದೇವರೇ, ಅವನ ಹೆಸರಲ್ಲಿ ಊರಿಗೆಲ್ಲ ಸಪ್ಪೆ ತಿನ್ನಿಸಿದೆನಲ್ಲ ಎಂದು ಅವಳು ಅಳುತ್ತಲೇ ಹೊರಗೆ ಓಡಿದಳು.

ಮುಚ್ಚಿದ ಹೋಟೆಲಿನ ಮುಂದೆ ನೀಲಿ ಅಂಗಿಯ ಕಾರ್ಮಿಕರು ಉರಿಬಿಸಿಲಲ್ಲೇ ನಿಂತು ತಿನ್ನುತ್ತಿದ್ದರು. ಒಬ್ಬನೂ ಮುಖ ಕಿವುಚಿರಲಿಲ್ಲ, ಒಬ್ಬನೂ ಉಪ್ಪು ಕೇಳಿರಲಿಲ್ಲ. ಮುಂದಿದ್ದ ನರೆಗೂದಲಿನವನೊಬ್ಬ ಬರಿದಾದ ಕಾಗದದ ತಟ್ಟೆಯನ್ನು ಎರಡೂ ಕೈಯಲ್ಲಿ ಅವಳೆದುರು ಹಿಡಿದ.

"ಭಾಭಿ, ಇನ್ನೊಂದು ತುಂಡು ಕೊಡಿ."